ಬೋಲ್ಟ್ ಎಂಬ ಹೆಸರು ಅಂಟಿದ ಬಗೆ

ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಘಟ್ಟ ಇಳಿಯುವ ಬಸ್ಸುಗಳ ಕಡೆಯೇ ಗದ್ದಲ ಹೆಚ್ಚು. 'ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ' ಅಂತ ಕಂಡಕ್ಟರ್ ಒಂದೇ ಉಸಿರಿಗೆ ಕೂಗುತ್ತಿರುತ್ತಾನೆ. ಅಡಿಕೆ ಮೂಟೆ ಮೇಲೇರುತ್ತದೆ, ಕೆಳಗೆ ಚಹಾದ ಲೋಟ ಕೈ ಬದಲಾಗುತ್ತದೆ. 2020ರ ಫೆಬ್ರವರಿ ನಡುವಿನಲ್ಲಿ ಇಲ್ಲಿ ಬಸ್ಸಿಗೆ ಕಾದವರ ಮೊಬೈಲುಗಳಲ್ಲೆಲ್ಲ ಒಂದೇ ವಿಡಿಯೊ ಓಡುತ್ತಿತ್ತು. ಕೆಸರುಗದ್ದೆ, ಎರಡು ಕೋಣ, ಹಿಂದೆ ಬರಿ ಮೈಯ ಒಬ್ಬ ಯುವಕ. ಹದಿಮೂರು ಸೆಕೆಂಡು ಮುಗಿಯುತ್ತಿದ್ದಂತೆ ಮತ್ತೆ ಮೊದಲಿನಿಂದ.

'ಇವ್ನು ಉಸೇನ್ ಬೋಲ್ಟ್‌ಗಿಂತ ಜೋರಂತೆ' ಅಂದರು ಒಬ್ಬರು.

'ಜೋರು ಹೌದು ಮಾರಾಯ್ರೆ, ಆದ್ರೆ ಅದು ಐಕಳದ ಕಂಬಳ. ಅಶ್ವತ್ಥಪುರದ ಗೌಡ್ರು' ಅಂದರು ಪಕ್ಕದಲ್ಲಿ ನಿಂತಿದ್ದ ಕರಾವಳಿಯ ಹಿರಿಯರು.

ಒಂದೇ ಓಟಕ್ಕೆ ಎರಡು ಹೆಸರು ಹುಟ್ಟಿದ್ದು ಆ ಎರಡು ಮಾತುಗಳ ನಡುವೆ. ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರಿಗೆ ಆಗ 28 ವರ್ಷ. ಕಟ್ಟಡದ ಕೆಲಸ ಮಾಡಿ ಬದುಕುತ್ತಿದ್ದವರು. ಕೋಣ ಓಡಿಸುವುದು ಚಳಿಗಾಲದ ವಾರಾಂತ್ಯಗಳ ಹುಚ್ಚು. ಆ ವಾರ ಕಳೆಯುವಷ್ಟರಲ್ಲಿ ಅವರು ದೇಶಕ್ಕೆಲ್ಲ 'ಕಂಬಳದ ಉಸೇನ್ ಬೋಲ್ಟ್' ಆಗಿಬಿಟ್ಟಿದ್ದರು.

ದನದ ಜೊತೆ ಮನುಷ್ಯ ಓಡುವುದು ನಮ್ಮ ಶಿವಮೊಗ್ಗ ಸೀಮೆಗೆ ಹೊಸದೇನಲ್ಲ. ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಹಬ್ಬ. ಕೊಂಬಿಗೆ ಬಲೂನು, ರಿಬ್ಬನ್ನು, ಕೊರಳಿಗೆ ಕೊಬ್ಬರಿ ಸರ. ಜನರ ನಡುವಿನ ಓಣಿಯಲ್ಲಿ ಹೋರಿ ನುಗ್ಗಿ ಬರುತ್ತದೆ, ಎರಡೂ ಬದಿಯ ಹುಡುಗರು ಕೊಬ್ಬರಿ ಹರಿಯಲು ಮೈಮೇಲೆ ಬೀಳುತ್ತಾರೆ. ಆದರೆ ಅಲ್ಲಿ ಬಿರುದು ಸಿಗುವುದು ಹೋರಿಗೆ. ಅದರ ಹೆಸರನ್ನೇ ಬ್ಯಾನರಿನಲ್ಲಿ ಬರೆಸುತ್ತಾರೆ, ಅದಕ್ಕೇ ಅಭಿಮಾನಿ ಬಳಗ. ಕೊಬ್ಬರಿ ಹರಿದ ಹುಡುಗನ ಹೆಸರು ಅವನ ಕೇರಿಯ ಆಚೆ ಹೋಗುವುದು ಅಪರೂಪ. ಕಂಬಳದಲ್ಲಿ ಹಾಗಲ್ಲ. ಕೋಣಕ್ಕೆ ಯಜಮಾನರ ಮನೆತನದ ಹೆಸರು, ಓಡಿಸಿದವರಿಗೆ ಅವರದೇ ಹೆಸರು. ಎರಡನ್ನೂ ಮೈಕಿನಲ್ಲಿ ಕೂಗುತ್ತಾರೆ, ಎರಡೂ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತವೆ.

ಕಂಬಳ ನೋಡಬೇಕಾದದ್ದು ರಾತ್ರಿ. ಹಗಲಿನ ಜಾತ್ರೆಯ ಗಲಾಟೆ ಇಳಿದು ಹೊನಲು ಬೆಳಕು ಹತ್ತಿಕೊಂಡ ಮೇಲೆ ಜೋಡುಕರೆಯ ನೀರು ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಕರೆ ಎಂದರೆ ಓಟದ ಹಾದಿ, ಉದ್ದಕ್ಕೂ ತೋಡಿ ಹದಮಾಡಿ ನೀರು ನಿಲ್ಲಿಸಿದ್ದು. ಎರಡು ಕರೆ ಅಕ್ಕಪಕ್ಕ ಇರುವುದರಿಂದ ಜೋಡುಕರೆ. ಒಂದು ತುದಿಯಲ್ಲಿ ಕೋಣ ಬಿಡುವ ಜಾಗ, ಇನ್ನೊಂದು ತುದಿಯಲ್ಲಿ ಏರಾಗಿ ಮೇಲೆದ್ದಿರುವ ಮಂಜೊಟ್ಟಿ. ಓಡಿ ಬಂದ ಕೋಣಗಳ ವೇಗ ಆ ಏರಿನಲ್ಲಿ ಕರಗಬೇಕು, ಹಿಡಿಯುವವರು ಅಲ್ಲಿ ಕಾದಿರುತ್ತಾರೆ.

ಬಿಡುವ ಜಾಗದಲ್ಲಿ ನಿಂತು ನೋಡಿದರೆ ಓಟಕ್ಕಿಂತ ಮೊದಲಿನ ತಳಮಳವೇ ದೊಡ್ಡದು. ಎಣ್ಣೆ ಹಚ್ಚಿದ ಕೋಣದ ಮೈ ದೀಪದ ಕೆಳಗೆ ಕರಿ ಕಲ್ಲಿನ ಹಾಗೆ ಹೊಳೆಯುತ್ತಿರುತ್ತದೆ. ಎದುರಿನಿಂದ ಇಬ್ಬರು ಮೂವರು ಹಗ್ಗ ಹಿಡಿದು ಜೋಡಿಯನ್ನು ನೇರ ಮಾಡುತ್ತಾರೆ, ಒಂದು ಸರಿಯಾಗಿ ನಿಂತರೆ ಇನ್ನೊಂದು ತಲೆ ಕೊಡವುತ್ತದೆ. ಹಿಂದೆ ಓಡಿಸುವವರು. ತಲೆಗೆ ಸುತ್ತಿದ ಬಟ್ಟೆ, ಬರಿ ಮೈ, ಕೆಸರು ಒಣಗಿ ಬಿಳಿಚಿದ ಮೀನಖಂಡ. ಮೈಕಿನಲ್ಲಿ ತುಳುವಿನ ಮಾತು ಒಂದೇ ಸಮ. ಹಿಡಿದವರು ಪಕ್ಕಕ್ಕೆ ಹಾರಿದ್ದೇ ತಡ, ಕೋಣ ಎಲ್ಲಿ, ಮನುಷ್ಯ ಎಲ್ಲಿ ಎಂದು ಹಿಂದಿನಿಂದ ತಿಳಿಯುವುದಿಲ್ಲ. ನೀರಿನ ಗೋಡೆಯೊಂದು ಎದ್ದು ಓಡುತ್ತದೆ. ಅದು ಬೀಳುವಷ್ಟರಲ್ಲಿ ಮಂಜೊಟ್ಟಿಯ ಕಡೆಯಿಂದ ಕೂಗು ಕೇಳುತ್ತದೆ.

ಸ್ಪರ್ಧೆಯಲ್ಲಿ ಹಲವು ಬಗೆ. ಅಡ್ಡ ಹಲಗೆಯಲ್ಲೂ ಕನೆಹಲಗೆಯಲ್ಲೂ ಓಡಿಸುವವರು ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾರೆ. ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ನಿಶಾನೆಗೆ ತಾಗಿತು ಎಂಬುದೇ ಲೆಕ್ಕ. ಹಗ್ಗ ಮತ್ತು ನೇಗಿಲು ಓಟದಲ್ಲಿ ಮಾತ್ರ ಮನುಷ್ಯ ತನ್ನ ಕಾಲ ಮೇಲೆ ಓಡಬೇಕು. ಗೌಡರ ಕಾಲಿಗೆ ಹೆಸರು ಬಂದದ್ದು ಇಂಥ ಓಟದಲ್ಲಿ.

2020ರ ಫೆಬ್ರವರಿ 1ರಂದು ಐಕಳದ ಕರೆಯಲ್ಲಿ ಅವರ ಜೋಡಿ 142.50 ಮೀಟರ್ ಉದ್ದವನ್ನು 13.62 ಸೆಕೆಂಡಿನಲ್ಲಿ ಮುಟ್ಟಿತು. ಕಂಬಳದವರಿಗೆ ಅದು ದಾಖಲೆ, ಅಷ್ಟೇ. ಆಮೇಲೆ ಯಾರೋ ಕ್ಯಾಲ್ಕುಲೇಟರ್ ತೆಗೆದರು. ಈ ವೇಗದಲ್ಲಿ 100 ಮೀಟರ್ ಓಡಿದರೆ ಎಷ್ಟಾಗುತ್ತದೆ? 9.55 ಸೆಕೆಂಡು. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ ಬರೆದ ವಿಶ್ವದಾಖಲೆ 9.58. ಅಡ್ಡಹೆಸರು ಹುಟ್ಟಿದ್ದು ಈ ಒಂದು ಭಾಗಾಕಾರದಿಂದ. ಗೌಡರ ಓಟ ಅಲ್ಲಿಯವರೆಗೆ ಕರಾವಳಿಯದಾಗಿತ್ತು. ಆ ಮೂರು ಅಂಕಿಗಳು ಬಂದ ಮೇಲೆ ದೇಶದ್ದಾಯಿತು.

ಭಾಗಾಕಾರ ಸರಿ, ಹೋಲಿಕೆ ಸರಿಯಲ್ಲ. 100 ಮೀಟರ್ ಓಟದಲ್ಲಿ ಕುಳಿತ ಜಾಗದಿಂದ ಎದ್ದು ವೇಗ ಹಿಡಿಯುವುದಕ್ಕೇ ಹೊತ್ತು ಬೇಕು. ದೂರ ಸ್ವಲ್ಪ ಹೆಚ್ಚಿದರೆ ಆ ನಷ್ಟ ಹಂಚಿಹೋಗುತ್ತದೆ. ಹೋಲಿಸಲೇಬೇಕೆಂದರೆ ಬೋಲ್ಟ್ ಅವರ ಇನ್ನೊಂದು ಓಟವನ್ನು ಹಿಡಿಯಬೇಕಿತ್ತು. ಅದೇ 2009ರ ಮೇ 17ರಂದು ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ಟ್ರ್ಯಾಕಿನಲ್ಲಿ ಅವರು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಆ ಸರಾಸರಿಯಲ್ಲಿ 142.50 ಮೀಟರಿಗೆ ಎಷ್ಟೆಂದು ಲೆಕ್ಕ ಹಾಕಿದರೆ ಬರುವುದು 13.63. ಐಕಳದ ಸಮಯಕ್ಕೂ ಇದಕ್ಕೂ ಒಂದು ಸೆಕೆಂಡಿನ ನೂರನೇ ಒಂದು ಪಾಲು ಅಂತರ! ಈ ಅಂಕಿ ಕಂಡಾಗ ನನಗೆ ಮೈ ಜುಮ್ಮೆಂದಿತು. ಆದರೂ ಒಬ್ಬರ ಎದುರು ಇನ್ನೊಬ್ಬರನ್ನು ತೂಗಲು ಇದೂ ಸಾಲದು. ಗೌಡರ ಕೈಯನ್ನು ಮುಂದಕ್ಕೆ ಸೆಳೆಯಲು ಎರಡು ಕೋಣಗಳಿದ್ದವು, ಬೋಲ್ಟ್ ಅವರ ಕಾಲನ್ನು ಹಿಂದಕ್ಕೆ ಎಳೆಯಲು ಕೆಸರಿರಲಿಲ್ಲ. ಕರೆಯ ಉದ್ದವೂ ಊರಿಂದೂರಿಗೆ ಬೇರೆ. ಕಂಬಳ ಅಕಾಡೆಮಿಯನ್ನು ಕಟ್ಟಿ ಓಟಗಾರರನ್ನು ತರಬೇತು ಮಾಡಿದ ಕೆ. ಗುಣಪಾಲ ಕಡಂಬರೇ ಈ ಹೋಲಿಕೆ ಬೇಡ ಎಂದರು.

ಅಷ್ಟರಲ್ಲಿ ಸುದ್ದಿ ಕೈಮೀರಿತ್ತು. ಉದ್ಯಮಿ ಆನಂದ್ ಮಹೀಂದ್ರಾ ಗೌಡರ ಬಗ್ಗೆ ಟ್ವೀಟ್ ಮಾಡಿದರು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ತರಬೇತುದಾರರ ಮುಂದೆ ಪರೀಕ್ಷೆಗೆ ಕರೆದರು. ಗೌಡರು ನಯವಾಗಿ ಒಲ್ಲೆನೆಂದರು. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಬಲದ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಕಾಲ್ಬೆರಳುಗಳ ಮೇಲೆ ಎಂಬ ಕಾರಣವನ್ನೂ ಕೊಟ್ಟರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ತಾವೇ ಹೇಳಿಕೊಂಡರು. ಇಡೀ ಗದ್ದಲದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಹಿಮ್ಮಡಿಯ ಮಾತು. ಕೆಸರಿನಲ್ಲಿ ಬೆರಳೂರಿದರೆ ಕಾಲು ಹೂತು ಮುಗ್ಗರಿಸುತ್ತದೆ. ಹಿಮ್ಮಡಿ ಗುದ್ದಿ, ಮೈಯನ್ನು ತುಸು ಹಿಂದಕ್ಕೆ ವಾಲಿಸಿ, ಹಗ್ಗದ ಸೆಳೆತಕ್ಕೆ ಒಗ್ಗಿಕೊಂಡು ಓಡಬೇಕು. ತನ್ನ ವಿದ್ಯೆ ಏನು, ಎಲ್ಲಿಯವರೆಗೆ ಎಂದು ಅಷ್ಟು ಸ್ಪಷ್ಟವಾಗಿ ತಿಳಿದವರು ಎಷ್ಟು ಮಂದಿ ಸಿಗುತ್ತಾರೆ!

ಫೆಬ್ರವರಿ 17ರಂದು ಅವರನ್ನು ಬೆಂಗಳೂರಿಗೆ ಕರೆಸಿ ಸನ್ಮಾನಿಸಿ ರಾಜ್ಯ ಸರ್ಕಾರದ 3 ಲಕ್ಷ ರೂಪಾಯಿ ಕೊಟ್ಟವರು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ. ಹೋರಿ ಹಬ್ಬದ ಸೀಮೆಯಾದ ಶಿಕಾರಿಪುರದ ಶಾಸಕರು ಕೋಣ ಓಡಿಸಿದವರಿಗೆ ಶಾಲು ಹೊದಿಸಿದ ಆ ಚಿತ್ರ ನಮ್ಮ ಜಿಲ್ಲೆಯವರಿಗೆ ಹತ್ತಿರದ್ದೆನಿಸಿತು. ಹಾಗೆ ನೋಡಿದರೆ ಸರ್ಕಾರ ಸನ್ಮಾನಿಸಿದ ಈ ಕಂಬಳ ಉಳಿದದ್ದೇ ಒಂದು ಹೋರಾಟ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತು, ರಾಜ್ಯದ ಕಾನೂನು ತಿದ್ದುಪಡಿಯಿಂದ ಮತ್ತೆ ಶುರುವಾಗಿ, 2023ರ ಮೇ 18ರಂದು ಅದೇ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದ ಮೇಲೆ ನೆಲೆ ಗಟ್ಟಿಯಾಯಿತು. ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿದರು. ಶಿವಮೊಗ್ಗಕ್ಕೂ ಕಂಬಳ ತರುವ ಮಾತು ಕೇಳಿಬಂದಿತ್ತು.

ಅಡ್ಡಹೆಸರಿನ ಮಾತು ಬಂದಾಗ ಭದ್ರಾವತಿಯನ್ನು ಬಿಡಲಾಗದು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಕಟ್ಟಿದ ಊರು ಅದು. ಒಂದೇ ಹೆಸರಿನ ನಾಲ್ವರು ಒಂದೇ ಪಾಳಿಯಲ್ಲಿದ್ದರೆ ಒಬ್ಬರಿಗೆ ಕ್ರೇನು, ಇನ್ನೊಬ್ಬರಿಗೆ ಫರ್ನೇಸು ಹೆಸರಿನ ಹಿಂದೆ ಸೇರಿಕೊಳ್ಳುತ್ತಿದ್ದ ಊರು. ಅಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮುಂದೆ ಜಗತ್ತು ಅವರನ್ನು ಕರೆದದ್ದು 'ವಿಶಿ' ಎಂದು. ಅದು ಅವರದೇ ಹೆಸರಿನ ತುಂಡು, ಯಾರಿಂದಲೂ ಸಾಲ ತಂದದ್ದಲ್ಲ. ಬಾಲ್ಯದ ಗೆಳೆಯ ಕೂಗಿದಷ್ಟು ಸಲೀಸು. ಗೌಡರಿಗೆ ಸಿಕ್ಕಿದ್ದು ಜಮೈಕಾದ ಒಬ್ಬರ ಹೆಸರು. ಹೊರಗಿನವರಿಗೆ ಕರೆಯಾಗಲಿ, ಮಂಜೊಟ್ಟಿಯಾಗಲಿ ಗೊತ್ತಿಲ್ಲ; ಗೊತ್ತಿದ್ದ ಅಳತೆಗೋಲು ಬೋಲ್ಟ್ ಒಬ್ಬರೇ. ಆ ಹೆಸರಿನ ಹಿಂದೆ ಪ್ರೀತಿಯಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ನೀರು, ಕೆಸರು, ಕೋಣ ಯಾವುದೂ ಆ ಹೆಸರಿನಲ್ಲಿಲ್ಲ.

ಕಂಬಳದ ಫಲಿತಾಂಶದ ಪಟ್ಟಿ ಓದಿದವರಿಗೆ ಅಲ್ಲಿನ ಕ್ರಮ ಗೊತ್ತು. ಕೋಣದ ಯಜಮಾನರ ಹೆಸರು, ಅದರ ಕೆಳಗೆ 'ಓಡಿಸಿದವರು' ಎಂದು ಒಂದು ಸಾಲು. ಬಂಬ್ರಾಣ ಬೈಲು ವಂದಿತ್ ಶೆಟ್ಟಿ, ಬೈಂದೂರು ವಿವೇಕ್ ಪೂಜಾರಿ, ಪಣಪೀಲು ಪ್ರವೀಣ್ ಕೋಟ್ಯಾನ್, ಮಿಜಾರು ಅಶ್ವತ್ಥಪುರ ಶ್ರೀನಿವಾಸ ಗೌಡ. ಊರು ಮೊದಲು, ಮನುಷ್ಯ ಆಮೇಲೆ. ಗೆದ್ದವರ ಜೊತೆ ಒಂದು ಊರೂ ಗೆಲ್ಲುತ್ತದೆ. ಕಾಸರಗೋಡಿನ ಬಂಬ್ರಾಣದಿಂದ ಬೈಂದೂರಿನವರೆಗೆ ತುಳುನಾಡೂ ಕನ್ನಡನಾಡೂ ಆ ಒಂದು ಕಾಲಂನಲ್ಲಿ ಸಾಲಾಗಿ ನಿಂತಿರುತ್ತವೆ. ನನಗಂತೂ ಇದೇ ದೊಡ್ಡ ಬಿರುದು.

ಹೋಲಿಕೆಯಿಂದ ಬಂದ ಹೆಸರು ದಾಖಲೆ ಮುರಿದ ದಿನವೇ ಕೈಬದಲಾಗಬೇಕಿತ್ತು. ಹಾಗಾಗಲಿಲ್ಲ. ಐಕಳದ ಓಟ ನಡೆದು ಹದಿನೈದು ದಿನಕ್ಕೆ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಇನ್ನೂ ವೇಗವಾಗಿ ಓಡಿದರು. ಪತ್ರಿಕೆಗಳು ಬರೆದವು, ಜನ ಮೆಚ್ಚಿದರು, ಆದರೆ 'ಬೋಲ್ಟ್' ಅವರ ಬಳಿ ಹೋಗದೆ ಅಶ್ವತ್ಥಪುರದಲ್ಲೇ ಉಳಿಯಿತು. ದೇಶ ಬೆರಗಾದದ್ದು ಒಂದು ವಿಡಿಯೊಗೆ, ಒಂದು ಮುಖಕ್ಕೆ. ಎರಡನೆಯ ಸಲ ಅದೇ ಬೆರಗು ಹುಟ್ಟಲಿಲ್ಲ. 2021ರಲ್ಲಿ ಗೌಡರು ಮತ್ತೆ ಕರೆಗಿಳಿದಾಗ ಅವರ ಓಟದ ಲೆಕ್ಕ 100 ಮೀಟರಿಗೆ ಒಂಬತ್ತು ಸೆಕೆಂಡಿನಿಂದಲೂ ಕೆಳಗಿಳಿಯಿತು. ಆ ಹೊತ್ತಿಗೆ ಬರ್ಲಿನ್ನಿನ 9.58ರ ಗೊಡವೆ ಯಾರಿಗೂ ಬೇಕಿರಲಿಲ್ಲ. ಗೌಡರು ತಮ್ಮ ದಾಖಲೆಯನ್ನು ತಾವೇ ಮುರಿದರು ಎಂಬುದೇ ಸುದ್ದಿಯಾಗಿತ್ತು, 'ಕಂಬಳದ ಬೋಲ್ಟ್' ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.