ಕೊನೆ ಗೊತ್ತಿದ್ದೂ ಓದಿಸುವ ಕಥೆಗಳು

ಚಿದ್ರಿಯ ನಮ್ಮ ಮನೆಗೆ ಬಂದ ನೆಂಟರನ್ನು ಬೀದರಿನ ಗವಾನ್ ಮದರಸಾ ತೋರಿಸಲು ಕರೆದೊಯ್ದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ: 'ಇದನ್ನ ಕಟ್ಟಿಸಿದವನು ಕೊನೆಗೆ ಏನಾದ?' ಸುಲ್ತಾನನೇ ತಲೆ ತೆಗೆಸಿದ ಅಂತೀನಿ. ಅಲ್ಲಿಗೆ ಕಥೆ ಮುಗಿಯಬೇಕಲ್ವಾ? ಇಲ್ಲ, ಎಲ್ಲರ ಕಿವಿ ನೆಟ್ಟಗಾಗೋದೇ ಆಗ. ಯಾಕೆ? ಯಾರು ಮಾಡಿಸಿದ್ರು?

ಚರಿತ್ರೆ, ಪ್ರೇಮ, ರಹಸ್ಯ ಮೂರನ್ನೂ ಹೆಣೆದ ಕಾದಂಬರಿಗಳು ನಮ್ಮನ್ನು ಹಿಡಿದು ಕೂರಿಸೋದು ಹೀಗೇ. ಮಾಮೂಲಿ ಪತ್ತೇದಾರಿಯಲ್ಲಿ ಕೊನೆ ಗೊತ್ತಾದರೆ ಪುಸ್ತಕ ಸತ್ತಂತೆ. ಇಲ್ಲಿ ಕೊನೆ ಮೊದಲೇ ಗೊತ್ತು, ಅಲ್ಲಿಗೆ ಹೋದ ದಾರಿ ಗೊತ್ತಿಲ್ಲ.

ತ.ರಾ.ಸು. ಅವರ 'ಹಂಸಗೀತೆ'ಯನ್ನೇ ನೋಡಿ. ಟಿಪ್ಪುವಿನ ಮುಂದೆ ಹಾಡಲೊಲ್ಲದೆ ನಾಲಿಗೆ ಕತ್ತರಿಸಿಕೊಂಡನೆಂಬ ಭೈರವಿ ವೆಂಕಟಸುಬ್ಬಯ್ಯನ ಐತಿಹ್ಯ ಅದರ ಬೀಜ. ನಾಲಿಗೆ ಹೋಗುತ್ತೆ ಅನ್ನೋದು ತಿಳಿದೇ ಓದ್ತೀವಿ. ಹಾಡೇ ಉಸಿರಾದವನು ಆ ಚೂರಿಯವರೆಗೆ ಹೇಗೆ ಬಂದ ಅನ್ನೋದು ಒಗಟು. 1956ರಲ್ಲಿ ಹಿಂದಿಯ 'ಬಸಂತ್ ಬಹಾರ್', 1975ರಲ್ಲಿ ಜಿ.ವಿ. ಅಯ್ಯರ್ ಸಿನಿಮಾ, ಎರಡೂ ಇದೇ ಕಾದಂಬರಿಯಿಂದ ಹುಟ್ಟಿದವು.

ಪ್ರೇಮ ಇಲ್ಲಿ ಬರೀ ಒಗ್ಗರಣೆ ಅಲ್ಲ. ದಾಖಲೆಯಲ್ಲಿ ಸತ್ತವನ ಹೆಸರಿರುತ್ತೆ, ಕಾದು ಕೂತವಳ ಹೆಸರು ಸಾಮಾನ್ಯವಾಗಿ ಇರಲ್ಲ. ರಹಸ್ಯ ಬಯಲಾದರೆ ಯಾರ ಎದೆ ಒಡೆಯುತ್ತೆ ಅಂತ ತೋರಿಸೋದು ಆಕೆ. ಅಪಾಯವೂ ಉಂಟು. ಕಾದಂಬರಿಯನ್ನೇ ಚರಿತ್ರೆ ಅಂತ ನಂಬಿ ಜಗಳಕ್ಕೆ ನಿಲ್ಲುವವರಿದ್ದಾರೆ, ಟಿಪ್ಪು ಹೆಸರು ಬಂದರಂತೂ ಕೇಳೋದೇ ಬೇಡ.

ನೆಂಟರಿಗೆ ನಾನು ಹೇಳೋದು ಫರಿಶ್ತಾ ಬರೆದದ್ದನ್ನೇ. ಮದರಸಾ ಕಟ್ಟಿಸಿದ್ದು 1472ರಲ್ಲಿ. ಆಮೇಲೆ ವಿರೋಧಿಗಳು ಗವಾನನ ಮುದ್ರೆ ಕಾಯುವ ಗುಲಾಮನಿಗೆ ಕುಡಿಸಿ, ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಬರೆದರು. 1481ರ ಏಪ್ರಿಲ್‌ನಲ್ಲಿ, 70 ದಾಟಿದ್ದ ಮಂತ್ರಿಯ ತಲೆ ಉರುಳಿತು. ಮೋಸ ತಿಳಿದು ಕೊರಗಿದ ಮೂರನೇ ಮುಹಮ್ಮದ್ ಷಾ ವರ್ಷದೊಳಗೆ ತಾನೂ ಸತ್ತ.

ಆದರೆ ನನಗೆ ಓದಬೇಕೆನಿಸುವ ಕಾದಂಬರಿ ಮಂತ್ರಿಯದ್ದಲ್ಲ, ಸುಲ್ತಾನನದ್ದೂ ಅಲ್ಲ. ಆ ಗುಲಾಮನದ್ದು. ಬಟ್ಟಲು ಯಾರ ಕೈಯಿಂದ ತಗೊಂಡ? ನಂಬಿದ್ದು ಯಾರನ್ನ? ಬೆಳಗ್ಗೆ ಅಮಲು ಇಳಿದಾಗ ಹಾಳೆಯ ನೆನಪಾಯ್ತಾ? ನೆಂಟರು ಇದನ್ನ ಕೇಳಿದಾಗ ನಾನು ಮಿನಾರಿನ ಹೆಂಚಿನ ಕೆಲಸ ತೋರಿಸ್ತೀನಿ.