ಡಿಗ್ರಿ ಆಯಿತು, ಇನ್ನು ಕೆಲಸ?

ಕೆಲವು ವರ್ಷಗಳ ಹಿಂದೆ ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ತಾಯಂದಿರು ಹೆಚ್ಚಾಗಿ ಕೇಳುತ್ತಿದ್ದುದು ಮಕ್ಕಳ ಕಾಲೇಜು ಫೀಸಿಗೆ ಸಾಲ. ಆ ಸಾಲ ತೀರಿತು. ಮಗ ಬಿ.ಎ. ಮುಗಿಸಿದ, ಮಗಳು ಬಿ.ಕಾಂ. ಮುಗಿಸಿದಳು. ಈಗ ಸಭೆ ಮುಗಿದ ಮೇಲೆ ಅದೇ ತಾಯಂದಿರು ಒಬ್ಬೊಬ್ಬರಾಗಿ ಬಂದು ಹೇಳುವ ಮಾತು ಬೇರೆ. “ಡಿಗ್ರಿ ಮುಗಿದು ಎರಡು ವರ್ಷ ಆಯ್ತು ಸಿಸ್ಟರ್, ಮನೇಲೇ ಕೂತಿದಾನೆ. ಎಲ್ಲಾದ್ರೂ ಒಂದು ಕೆಲಸ ನೋಡಿ.” ಆ ಹುಡುಗನನ್ನು ಕರೆದು ವಿಚಾರಿಸಿದರೆ ಅವನ ಉತ್ತರ ಇನ್ನೊಂದು. “ಕೆಲಸ ಏನೋ ಇದೆ ಸಿಸ್ಟರ್, ಆದ್ರೆ ಮನಸ್ಸಿಗೆ ಹಿಡಿಸೋ ಕೆಲಸ ಇಲ್ಲ.” ಎರಡು ಮಾತಿನಲ್ಲೂ ನಿಜವಿದೆ. ಆದ್ದರಿಂದ ಈ ಸಲ ಇದೇ ವಿಷಯವನ್ನು ತೆಗೆದುಕೊಂಡಿದ್ದೇವೆ.

ಓದಿದ ಮಕ್ಕಳಿಗೆ ಕೆಲಸ ಸಿಗದಿರುವುದಕ್ಕೆ ಅವರ ಸೋಮಾರಿತನವೇ ಕಾರಣ ಎಂದು ಹೇಳುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರದ 2022-23ರ ಶ್ರಮಬಲ ಸಮೀಕ್ಷೆಯ ಪ್ರಕಾರ, ದುಡಿಯುವ ಇಲ್ಲವೇ ಕೆಲಸ ಹುಡುಕುವ ಜನರಲ್ಲಿ ನಿರುದ್ಯೋಗಿಗಳು ನೂರಕ್ಕೆ ಸುಮಾರು 3 ಮಂದಿ. ಪದವೀಧರರನ್ನು ಮಾತ್ರ ಲೆಕ್ಕ ಹಾಕಿದರೆ ಅದು ನೂರಕ್ಕೆ 13 ಮಂದಿ. ಶಾಲೆಗೇ ಹೋಗದವರಲ್ಲಿ ನಿರುದ್ಯೋಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಓದಿದಷ್ಟೂ ನಿರುದ್ಯೋಗ ಜಾಸ್ತಿಯೇ? ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಆದರೆ ಓದದವನಿಗೆ ಕಾಯುವ ಅನುಕೂಲವೇ ಇಲ್ಲ. ಇವತ್ತು ಕೂಲಿಗೆ ಹೋಗದಿದ್ದರೆ ಸಂಜೆ ಒಲೆ ಹತ್ತುವುದಿಲ್ಲ. ಡಿಗ್ರಿ ಮಾಡಿದವನನ್ನು ಅಪ್ಪ-ಅಮ್ಮ ಇನ್ನೊಂದೆರಡು ವರ್ಷ ಸಾಕುತ್ತಾರೆ, ಅವನು ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಅಂಥ ಕೆಲಸಗಳು ಹಳ್ಳಿಯ ಸುತ್ತಮುತ್ತ ಬೆಳೆದಿಲ್ಲ. ತಾಲ್ಲೂಕಿಗೊಂದು ಪದವಿ ಕಾಲೇಜು ಬಂತು, ಅದಕ್ಕೆ ಸರಿಯಾಗಿ ಕಚೇರಿ, ಕಾರ್ಖಾನೆ ಬರಲಿಲ್ಲ. ತಪ್ಪನ್ನು ಪೂರ್ತಿ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾಯುವವರಲ್ಲಿ ಹೆಚ್ಚಿನವರು ಕಾಯುವುದು ಸರ್ಕಾರಿ ನೌಕರಿಗೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು, ಕೋಚಿಂಗ್ ಸೇರಿ, ಲೈಬ್ರರಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಓದುವ ಮಕ್ಕಳ ಶ್ರದ್ಧೆಯನ್ನು ನೋಡಿದರೆ ಯಾರಿಗಾದರೂ ಗೌರವ ಬರುತ್ತದೆ. ಎಫ್.ಡಿ.ಎ., ಎಸ್.ಡಿ.ಎ., ಪಿ.ಎಸ್.ಐ., ಕೆ.ಎ.ಎಸ್. ಎನ್ನುತ್ತಾ ವರ್ಷ ಉರುಳುತ್ತದೆ. ಮಕ್ಕಳು ಸರಿಯಾಗೇ ಓದಿದರೂ ಪರೀಕ್ಷೆಯ ಕಾಲ ಅವರ ಕೈಯಲ್ಲಿಲ್ಲ. 545 ಪಿ.ಎಸ್.ಐ. ಹುದ್ದೆಗಳ ಕಥೆ ನಿಮಗೆ ನೆನಪಿರಬಹುದು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಹೋಯಿತು, ಅದನ್ನು ಅವರಿಗೆ ಹಿಂದಕ್ಕೆ ಕೊಡುವವರು ಯಾರು? ಆಮೇಲೆ 2024ರ ಅಕ್ಟೋಬರಿನಲ್ಲಿ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಂಪುಟ ನಿರ್ಧರಿಸಿತು. ಒಳಮೀಸಲಾತಿ ಬೇಕಾದ ನ್ಯಾಯವೇ. ಆದರೂ ರೂಮಿನ ಬಾಡಿಗೆ ಕಟ್ಟುತ್ತಾ ಕೂತ ಹುಡುಗನಿಗೆ ಪ್ರತಿ ತಿಂಗಳೂ ಒಂದು ಭಾರ.

ಸರ್ಕಾರಿ ನೌಕರಿಗೆ ಪ್ರಯತ್ನಿಸಬೇಡಿ ಎಂದು ನಾವು ಹೇಳುವುದಿಲ್ಲ. ನಾವು ಹೇಳುವುದು ಇಷ್ಟೇ. ಕಾಯುವುದಕ್ಕೆ ಒಂದು ತಾರೀಕು ಹಾಕಿಕೊಳ್ಳಿ. ಎರಡು ವರ್ಷ ಅಂತಲೋ, ಮೂರು ಪರೀಕ್ಷೆ ಅಂತಲೋ ಮನೆಯವರ ಎದುರಿಗೇ ಮಾತಾಡಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಆ ಕಾಲದಲ್ಲೂ ದಿನಕ್ಕೆ ನಾಲ್ಕು ಗಂಟೆಯಾದರೂ ಬೇರೆ ಏನಾದರೂ ಕೆಲಸ ಮಾಡಿ. ಟ್ಯೂಷನ್ ಹೇಳಿ, ಅಂಗಡಿಯಲ್ಲಿ ಲೆಕ್ಕ ಬರೆಯಿರಿ. “ಓದೋಕೆ ಟೈಮ್ ಸಾಲಲ್ಲ” ಅನ್ನುವವರಿಗೆ ಒಂದು ಮಾತು: ಇಡೀ ದಿನ ಪುಸ್ತಕದ ಮುಂದೆ ಕೂತು ಐದು ವರ್ಷ ಕಳೆದವರನ್ನು ನಾವು ನೋಡಿದ್ದೇವೆ. ಇಪ್ಪತ್ತೇಳು-ಇಪ್ಪತ್ತೆಂಟನೇ ವಯಸ್ಸಿಗೆ ಮೊದಲ ಸಲ ಕೆಲಸ ಕೇಳಲು ಹೋದಾಗ “ಇಲ್ಲಿತನಕ ಏನು ಮಾಡಿದಿರಿ?” ಎಂಬ ಪ್ರಶ್ನೆಗೆ ಅವರು ತಲೆ ತಗ್ಗಿಸುವುದನ್ನೂ ನೋಡಿದ್ದೇವೆ.

ಇನ್ನು ಮನಸ್ಸಿಗೆ ಹಿಡಿಸುವ ಕೆಲಸದ ಮಾತು. ನಮ್ಮ ಮಕ್ಕಳಲ್ಲಿ ಒಂದು ನಂಬಿಕೆ ಇದೆ. ಎಲ್ಲೋ ತನಗಾಗಿಯೇ ಒಂದು ಕೆಲಸ ಕಾದಿದೆ, ಅದು ಸಿಕ್ಕಿದ ದಿನವೇ ತೃಪ್ತಿಯೂ ಸಿಗುತ್ತದೆ ಅಂತ. ನಮ್ಮ ಅನುಭವದಲ್ಲಿ ಹಾಗೆ ಆಗುವುದು ಅಪರೂಪ. ಹೆಚ್ಚಿನವರಿಗೆ ಪ್ರೀತಿ ಬರುವುದು ಕೆಲಸ ಕೈಗೆ ಹತ್ತಿದ ಮೇಲೆ. ಬಿ.ಕಾಂ. ಮಾಡಿದ ಒಬ್ಬ ಹುಡುಗಿ ಬ್ಯಾಂಕ್ ಪರೀಕ್ಷೆಯಲ್ಲಿ ಆಯ್ಕೆಯಾಗದೆ, ಬೇಸರದಿಂದಲೇ ಊರ ಹತ್ತಿರದ ಸಹಕಾರ ಸಂಘದಲ್ಲಿ ಲೆಕ್ಕ ಬರೆಯಲು ಸೇರಿದಳು. ಸಂಬಳ ಕಡಿಮೆ, ಮೊದಲ ಆರು ತಿಂಗಳು ಅತ್ತುಕೊಂಡೇ ಹೋದಳು. ಓದು ಬಾರದ ರೈತರು “ನನ್ನ ಸಾಲದ ಬಾಕಿ ಎಷ್ಟಿದೆ ನೋಡವ್ವ” ಎಂದು ಅವಳ ಮೇಜಿಗೇ ಬರತೊಡಗಿದ ಮೇಲೆ ಅವಳ ಮುಖ ಬದಲಾಯಿತು. ಈಗ ಟ್ಯಾಲಿ, ಜಿ.ಎಸ್.ಟಿ. ಎರಡೂ ಕಲಿತಿದ್ದಾಳೆ. ಬೇರೆ ಕಡೆ ಕರೆದರೂ ಹೋಗಲು ಅವಳಿಗೆ ಅವಸರವಿಲ್ಲ.

ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆಯೇ ಒಂದು ವಿಶ್ವಪರಿಪತ್ರ ಬರೆದರು. ಕೆಲಸದ ಬೆಲೆಯನ್ನು ಅದು ಯಾವ ಕೆಲಸ ಎಂಬುದರಿಂದ ಅಳೆಯಬಾರದು, ಅದನ್ನು ಮಾಡುವವನು ಮನುಷ್ಯ ಎಂಬುದರಿಂದ ಅಳೆಯಬೇಕು ಎನ್ನುವುದು ಅದರ ತಿರುಳು. ಅದಕ್ಕೂ ಮೊದಲು, 1955ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು ಮೇ 1ನ್ನು ಶ್ರಮಿಕರಾದ ಸಂತ ಜೋಸೆಫರ ಹಬ್ಬವೆಂದು ಘೋಷಿಸಿದರು. ಬಡಗಿಯ ಮನೆಯಲ್ಲಿ ಬೆಳೆದ ಯೇಸುಸ್ವಾಮಿಯನ್ನು ಪೂಜಿಸುವ ನಾವೇ, ಮಗ ಗ್ಯಾರೇಜಿಗೆ ಸೇರಿದರೆ ಅದನ್ನು ನೆಂಟರಿಗೆ ಹೇಳಲು ಹಿಂಜರಿಯುತ್ತೇವೆ ಎಂಬುದು ಸ್ವಲ್ಪ ಯೋಚಿಸಬೇಕಾದ ಸಂಗತಿ.

ಆದರೆ ಇದೇ ಮಾತನ್ನು ಹಿಡಿದುಕೊಂಡು “ಸಂಬಳ ಮುಖ್ಯವಲ್ಲ, ಸೇವೆ ಅಂದ್ಕೊಂಡು ಮಾಡಿ” ಎಂದು ಪುಸಲಾಯಿಸುವ ಮಾಲೀಕರೂ ಇದ್ದಾರೆ. ನಮ್ಮಂಥ ಸಂಸ್ಥೆಗಳಲ್ಲೂ ಈ ಮಾತು ಕೇಳಿಬರುವುದುಂಟು. ಹದಿಮೂರನೇ ಲಿಯೋ ಜಗದ್ಗುರುಗಳು 1891ರಷ್ಟು ಹಿಂದೆಯೇ ದುಡಿಯುವವನಿಗೆ ಸಂಸಾರ ನಡೆಸುವಷ್ಟು ಕೂಲಿ ಸಿಗಬೇಕಾದದ್ದು ನ್ಯಾಯ, ಅದು ದಾನವಲ್ಲ ಎಂಬ ನಿಲುವು ತೆಗೆದುಕೊಂಡರು. ಆದ್ದರಿಂದ ಒಂದು ಕೆಲಸ ಒಪ್ಪುವ ಮುಂಚೆ ಹೀಗೆ ಕೇಳಿಕೊಳ್ಳಿ: ನನ್ನ ಕೆಲಸದಿಂದ ಯಾರಿಗಾದರೂ ಉಪಯೋಗವಿದೆಯೇ? ಒಂದು ವರ್ಷ ಕಳೆದ ಮೇಲೆ ಇವತ್ತು ಗೊತ್ತಿಲ್ಲದ್ದು ಏನಾದರೂ ನನಗೆ ಗೊತ್ತಿರುತ್ತದೆಯೇ? ನನ್ನನ್ನು ಮನುಷ್ಯನಂತೆ ನಡೆಸಿಕೊಂಡು ಹೇಳಿದ ಸಂಬಳ ಹೇಳಿದ ದಿನ ಕೊಡುತ್ತಾರೆಯೇ? ಮೂರಕ್ಕೂ ಹೌದು ಎಂದಾದರೆ ಸೇರಿ, ಡಿಗ್ರಿಗೆ ಸಂಬಂಧವಿಲ್ಲದಿದ್ದರೂ ಪರವಾಗಿಲ್ಲ. ಮೂರನೆಯದಕ್ಕೆ ಇಲ್ಲ ಎಂದಾದರೆ ಮೊದಲ ಎರಡನ್ನು ನೋಡುವುದೇ ಬೇಡ.

ಎಲ್ಲಿಂದ ಶುರು ಮಾಡುವುದು? ಅನುಭವ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಗೋಳಿಗೆ ಅಪ್ರೆಂಟಿಸ್ ತರಬೇತಿ ಒಂದು ದಾರಿ. 1961ರ ಅಪ್ರೆಂಟಿಸ್ ಕಾಯಿದೆ ಐ.ಟಿ.ಐ. ಮಕ್ಕಳಿಗೆ ಮಾತ್ರ ಅಂತ ಬಹಳ ಮಂದಿ ತಿಳಿದಿದ್ದಾರೆ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಆದವರಿಗೂ ಅದರಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಪಡಿಸಿದರು. ಬ್ಯಾಂಕುಗಳೂ ಹೀಗೆ ತೆಗೆದುಕೊಳ್ಳುತ್ತವೆ. 2024ರಲ್ಲಿ ಕೆನರಾ ಬ್ಯಾಂಕ್ ದೇಶದಾದ್ಯಂತ 3,000 ಪದವೀಧರ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಿತ್ತು. ಇದು ಕಾಯಂ ನೌಕರಿಯಲ್ಲ, ವರ್ಷ ಮುಗಿದ ಮೇಲೆ ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಕೈಯಲ್ಲಿ ಸರ್ಟಿಫಿಕೇಟ್, ತಲೆಯಲ್ಲಿ ಒಂದು ವರ್ಷದ ಅನುಭವ ಉಳಿಯುತ್ತದೆ.

ಸ್ವಂತ ಉದ್ಯೋಗದ ಮನಸ್ಸಿದ್ದವರಿಗೆ ರುಡ್‌ಸೆಟ್ ಹೊಸ ಹೆಸರಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಆ ಸಂಸ್ಥೆಯನ್ನು ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಸಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಹೀಗೆ ಕೆಲವು ವಾರಗಳ ತರಬೇತಿಗಳಿವೆ. ಡಿಗ್ರಿ ಆದವರು ಅಲ್ಲಿಗೆ ಹೋಗಲು ನಾಚುತ್ತಾರೆ. ಆದರೆ ಲೆಕ್ಕ ಬರೆಯಲು, ಬ್ಯಾಂಕಿನಲ್ಲಿ ಮಾತಾಡಲು ಬರುವ ಪದವೀಧರನಿಗೆ ಅದೇ ಕಸುಬಿನಲ್ಲಿ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದಿರಲು ಅನುಕೂಲ.

ಸರ್ಕಾರದ ಯುವನಿಧಿ 2024ರ ಜನವರಿಯಲ್ಲಿ ಶುರುವಾಯಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆ ದುಡ್ಡನ್ನು ಬಸ್ ಚಾರ್ಜಿಗೆ, ಅರ್ಜಿ ಫೀಸಿಗೆ, ಕಂಪ್ಯೂಟರ್ ಕ್ಲಾಸಿಗೆ ಇಟ್ಟುಕೊಂಡರೆ ಪ್ರಯೋಜನ. ಮನೆಯ ದಿನಸಿಗೆ ಹೋಗಿಬಿಟ್ಟರೆ ಬೈಯುವ ಹಾಗೂ ಇಲ್ಲ, ಬಡತನ ಹಾಗಿದೆ.

ಮೋಸದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಕೆಲಸ ಕೊಡುವವನು ನಿಮಗೆ ದುಡ್ಡು ಕೊಡಬೇಕೇ ಹೊರತು ನಿಮ್ಮಿಂದ ಕೇಳಬಾರದು. ರಿಜಿಸ್ಟ್ರೇಷನ್, ಟ್ರೈನಿಂಗ್ ಡಿಪಾಸಿಟ್, ಲ್ಯಾಪ್‌ಟಾಪ್ ಚಾರ್ಜ್ ಎಂದು ಫೋನಿನಲ್ಲಿ ಹಣ ಹಾಕಿಸಿಕೊಳ್ಳುವವರನ್ನು ನಂಬಬೇಡಿ. ಮೂಲ ಅಂಕಪಟ್ಟಿಯನ್ನು ಯಾರ ಹತ್ತಿರವೂ ಬಿಟ್ಟು ಬರಬೇಡಿ, ತೋರಿಸಿ ವಾಪಸ್ ತೆಗೆದುಕೊಳ್ಳಿ. ವಿದೇಶದ ಕೆಲಸವೆಂದರೆ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋದ ನಮ್ಮ ದೇಶದ ಯುವಕರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಿದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಬೆಳಕಿಗೆ ಬಂದಿವೆ. ಊರೊಳಗಿನ ಕೆಲಸವಾದರೂ ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ಕೆಲಸಗಾರನ ಹಕ್ಕು. ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಿದ್ದರೆ ಅದು ನಿಜವಾಗಿ ಖಾತೆಗೆ ಬೀಳುತ್ತಿದೆಯೇ ಎಂದು ಉಮಂಗ್ ಆ್ಯಪ್‌ನಲ್ಲಿ ಆಗಾಗ ನೋಡಿಕೊಳ್ಳಿ.

ತಂದೆತಾಯಂದಿರಲ್ಲಿ ಒಂದು ಕೋರಿಕೆ. ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಎಷ್ಟು ತರುತ್ತಾನೆ ಎಂಬುದನ್ನು ಊಟಕ್ಕೆ ಕೂತಾಗ ಎತ್ತಬೇಡಿ. ಅವನು ಬಾಡಿಗೆಗೆ ಎಷ್ಟು ಕೊಡುತ್ತಾನೆ, ಎಷ್ಟು ಗಂಟೆ ನಿದ್ದೆ ಮಾಡುತ್ತಾನೆ ನಿಮಗೆ ಗೊತ್ತಿಲ್ಲ. ಕೆಲಸವಿಲ್ಲದೆ ಮನೆಯಲ್ಲಿರುವ ಮಕ್ಕಳು ಮಾತು ಕಡಿಮೆ ಮಾಡಿ, ರಾತ್ರಿಯೆಲ್ಲ ಎಚ್ಚರವಿದ್ದು, ಬಲಿಪೂಜೆಗೂ ಮದುವೆ ಮನೆಗೂ ಬರುವುದನ್ನು ನಿಲ್ಲಿಸಿದರೆ ಅದನ್ನು ಹಟ ಎಂದು ತಳ್ಳಿಹಾಕಬೇಡಿ. ನಮಗೋ ಧರ್ಮಕೇಂದ್ರದ ಗುರುಗಳಿಗೋ ತಿಳಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಅರ್ಜಿ ತುಂಬಲು, ಅಪ್ರೆಂಟಿಸ್ ನೋಂದಣಿ ಮಾಡಿಸಲು, ಬಂದಿರುವ ನೇಮಕಾತಿ ಪತ್ರ ಅಸಲಿಯೋ ನಕಲಿಯೋ ಎಂದು ನೋಡಿಸಲು ನಮ್ಮ ಕಚೇರಿಗೆ ಬನ್ನಿ. ಯಾವ ಜಾತಿ, ಯಾವ ಧರ್ಮದವರಾದರೂ ಸರಿ, ಶುಲ್ಕವಿಲ್ಲ. ಬರುವಾಗ ಅಂಕಪಟ್ಟಿಗಳ ಜೆರಾಕ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಜೊತೆಗೆ ಒಂದು ಹಾಳೆಯಲ್ಲಿ, ಡಿಗ್ರಿ ಬಿಟ್ಟು ನಿಮಗೆ ಬರುವ ಕೆಲಸಗಳನ್ನೆಲ್ಲ ಬರೆದುಕೊಂಡು ಬನ್ನಿ. ಬೈಕ್ ಓಡಿಸುವುದು, ಅಡಿಗೆ, ಹೊಲಿಗೆ, ಟೈಪಿಂಗ್, ಮೂರು ಭಾಷೆ ಮಾತಾಡುವುದು, ಕಾಯಿಲೆಯ ಅಜ್ಜಿಯನ್ನು ನೋಡಿಕೊಂಡದ್ದು, ಯಾವುದನ್ನೂ ಸಣ್ಣದೆಂದು ಬಿಡಬೇಡಿ. ಮಾತು ಅಲ್ಲಿಂದಲೇ ಶುರು ಮಾಡುತ್ತೇವೆ.