ಮೀಸಲು ಸರ್ವರ್ ಹಿಂದುಳಿದರೆ

“ಸರ್ವರ್ ಡೌನ್ ಆಗೈತ್ರಿ, ನಾಳೆ ಬರ್ರಿ.” ಉತಾರ ತೆಗೆಸಲು ತಾಲ್ಲೂಕು ಕಚೇರಿಗೆ ಹೋದವರಲ್ಲಿ ಈ ಮಾತನ್ನು ಕೇಳದವರು ವಿರಳ. ಹುಬ್ಬಳ್ಳಿ, ಧಾರವಾಡಗಳಲ್ಲಿ ಮನೆ ಮಾಡಿಕೊಂಡಿರುವ ನಿಮ್ಮಲ್ಲಿಯೂ ಅನೇಕರಿಗೆ ನವಲಗುಂದ, ಕುಂದಗೋಳ, ಕಲಘಟಗಿಯ ಕಡೆ ಹಿರಿಯರ ಹೊಲ ಉಂಟಷ್ಟೆ. ಬೆಳೆಸಾಲಕ್ಕೆ ಕಾಗದ ಒಪ್ಪಿಸುವ ಕಡೆಯ ದಿನ ಈ ಮಾತು ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಒಂದು ಯಂತ್ರ ಕೆಟ್ಟರೆ ಮತ್ತೊಂದು ಇರಬಾರದೆ ಎಂದು ಯಾರಾದರೂ ಕೇಳಿಯಾರು. ಇಂಥ ಏರ್ಪಾಡುಗಳಲ್ಲಿ ಸಾಮಾನ್ಯವಾಗಿ ಮತ್ತೊಂದು ಇದ್ದೇ ಇರುತ್ತದೆ. ಆದರೆ ಇದ್ದಮಾತ್ರಕ್ಕೆ ಅದು ಸಮಯಕ್ಕೆ ಒದಗುತ್ತದೆಂದು ಹೇಳುವಂತಿಲ್ಲ. ಅದೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಸರ್ವರ್ ಎಂದರೆ ಊಳಿಗ ಮಾಡುವವನು ಎಂದೇ ಅರ್ಥ. ದಾಖಲೆಗಳನ್ನು ತನ್ನಲ್ಲಿಟ್ಟುಕೊಂಡು, ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಗಣಕಯಂತ್ರ ಅದು. ಅದು ಮಲಗಿದಾಗ ಎದ್ದು ನಿಲ್ಲಬೇಕಾದುದು ಮೀಸಲು ಸರ್ವರ್. ಬಾನುಲಿ ನಿಲಯಗಳಲ್ಲಿಯೂ ಮೀಸಲು ಪ್ರೇಷಕಯಂತ್ರ ಇರುವುದುಂಟು. ನಿಲಯದ ತರಂಗಾಂತರ ಬದಲಾಗಿ, ಮೀಸಲು ಯಂತ್ರವನ್ನು ಮಾತ್ರ ಹಳೆಯ ತರಂಗಾಂತರದಲ್ಲಿಯೇ ಬಿಟ್ಟಿದ್ದರೆಂದು ಭಾವಿಸಿ. ಯಂತ್ರ ಓಡುತ್ತಿರುತ್ತದೆ, ಹಾಡೂ ಹೊರಡುತ್ತಿರುತ್ತದೆ. ನಿಮ್ಮ ಮನೆಯ ರೇಡಿಯೋದಲ್ಲಿ ಮಾತ್ರ ಬರಿಯ ಗರಗರ ಸದ್ದು! ಹಳೆಯ ತಂತ್ರಾಂಶವನ್ನು ಹೊತ್ತ ಮೀಸಲು ಸರ್ವರಿನ ಪಾಡೂ ಹೆಚ್ಚುಕಡಿಮೆ ಇದೇ.

ತಂತ್ರಾಂಶವೆಂಬುದು ಯಂತ್ರವು ಅನುಸರಿಸಿ ನಡೆಯುವ ವಿಧಿಗಳ ಕಟ್ಟು. ಪುಸ್ತಕಗಳಂತೆ ಅದಕ್ಕೂ ಆವೃತ್ತಿಗಳಿವೆ; ಕಾಲಕಾಲಕ್ಕೆ ಪರಿಷ್ಕಾರಗೊಳ್ಳುತ್ತದೆ. ಉತಾರವನ್ನೇ ನೋಡಿ. ೯ನೆಯ ಕಾಲಮಿನಲ್ಲಿ ಹೊಲದೊಡೆಯನ ಹೆಸರು, ೧೧ನೆಯದರಲ್ಲಿ ಸಾಲ ಮೊದಲಾದ ಋಣಭಾರ. ೨೦೨೪ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಲ್ಲೆಲ್ಲ ನಡೆಯಿತು. ಇಂಥ ಹೊಸ ವಿವರ ಬಂದಾಗ ಮುಖ್ಯ ಯಂತ್ರದಲ್ಲಿ ಅದಕ್ಕೊಂದು ಹೊಸ ಮನೆ ಹಾಕಬೇಕಾಗುತ್ತದೆ. ಮೀಸಲು ಯಂತ್ರದಲ್ಲಿ ಆ ಮನೆಯೇ ಇಲ್ಲದಿದ್ದರೆ, ಮುಖ್ಯ ಯಂತ್ರ ಕಳಿಸಿದ್ದನ್ನು ಅದು ಎಲ್ಲಿಟ್ಟೀತು? ದಾಖಲೆಯನ್ನೇ ಒಲ್ಲೆನೆನ್ನಬಹುದು; ಇಲ್ಲವೆ ತನಗೆ ತಿಳಿದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಚೆಲ್ಲಬಹುದು. ಒಲ್ಲೆನೆಂದರೆ ಲೇಸು, ತಿಳಿದಾದರೂ ತಿಳಿಯುತ್ತದೆ. ಚೆಲ್ಲಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

೨೦೧೮ರಲ್ಲಿ ಹೊಸ ತಾಲ್ಲೂಕುಗಳಾದಾಗ ಅಣ್ಣಿಗೇರಿಯು ನವಲಗುಂದದಿಂದ ಬೇರೆಯಾಯಿತು. ಅದಕ್ಕೆ ಮುಂಚಿನ ಪಟ್ಟಿಯನ್ನೇ ಹಿಡಿದು ಕುಳಿತ ಯಂತ್ರವೊಂದಿದ್ದರೆ, ಪಂಪನ ಊರೆಂದು ನಾವು ಹೆಮ್ಮೆಪಡುವ ಅಣ್ಣಿಗೇರಿಯ ಹೊಲಗಳನ್ನು ಅದು ಇನ್ನೂ ನವಲಗುಂದದಲ್ಲಿಯೇ ಹುಡುಕುತ್ತಿರುತ್ತದೆ. ಹತ್ತಿ ಮಾರಿ ಸಾಲ ತೀರಿಸಿ, ೧೧ನೆಯ ಕಾಲಮಿನ ಭಾರ ಇಳಿಸಿಕೊಂಡ ರೈತನಿಗೆ ಆ ಹಳೆಯ ಭಾರವನ್ನೇ ಮತ್ತೆ ಮುದ್ರಿಸಿ ಕೊಟ್ಟೀತು. ಬ್ಯಾಂಕಿನವರು ಕಾಗದ ನೋಡುತ್ತಾರೆಯೇ ಹೊರತು ರೈತನ ಮುಖ ನೋಡುವುದಿಲ್ಲ. ನಮ್ಮ ಕಂದಾಯ ಇಲಾಖೆಯ ಯಂತ್ರಗಳು ಹೀಗಿವೆಯೆಂಬುದು ನನ್ನ ಮಾತಲ್ಲ. ನಿಮಗೆ ಪರಿಚಿತವಾದ ಕಾಗದವೆಂದು ಉತಾರವನ್ನು ಉದಾಹರಣೆಗೆ ಆರಿಸಿಕೊಂಡೆ.

ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ನಡೆಸುವ ತೊಡಕನ್ನು ಇದೇ ಇಲಾಖೆ ಒಮ್ಮೆ ಎದುರಿಸಿತ್ತು. ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ೨೦೦೨ರ ಹೊತ್ತಿಗೆ ಅದು ರಾಜ್ಯವನ್ನೆಲ್ಲ ವ್ಯಾಪಿಸಿತ್ತು. ಅಲ್ಲಿಯವರೆಗೆ ಆ ಲೆಕ್ಕ ಗ್ರಾಮ ಲೆಕ್ಕಿಗರ, ನಮ್ಮ ಕಡೆಯ ಹಳೆಯ ಮಾತಿನಲ್ಲಿ ತಲಾಟಿಗಳ, ಕೈಬರಹದಲ್ಲಿತ್ತು. ಇರಲಿ ಬಿಡಿ, ಎರಡೂ ನಡೆಯಲಿ ಎಂದಿದ್ದರೆ ಏನಾಗುತ್ತಿತ್ತು? ಒಂದೇ ಹೊಲಕ್ಕೆ ದಪ್ತರದಲ್ಲಿ ಒಬ್ಬ ಒಡೆಯ, ಗಣಕದಲ್ಲಿ ಮತ್ತೊಬ್ಬ! ಆದ್ದರಿಂದ ಗಣಕದ ಕೇಂದ್ರ ಆರಂಭವಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಆಗ ಕಠಿಣವೆನಿಸಿದರೂ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಪರದೇಶದ ಪ್ರಸಂಗವೊಂದು ಇನ್ನೂ ಸ್ಪಷ್ಟವಾಗಿದೆ. ತಂತ್ರಾಂಶ ಬರೆಯುವವರ ಬರಹಗಳನ್ನು ಕಾಯ್ದಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ನೌಕರನೊಬ್ಬ ಮೀಸಲು ಯಂತ್ರವೆಂದು ಭ್ರಮಿಸಿ ಮುಖ್ಯ ಯಂತ್ರದ ದಾಖಲೆಗಳನ್ನೇ ಅಳಿಸಿಬಿಟ್ಟ. ಚಿಂತೆಯಿಲ್ಲ, ದಿನದಿನದ ನಕಲು ಇದೆಯಲ್ಲ ಎಂದು ನೋಡಿದರೆ ನಕಲಿನ ಜಾಗ ಬರಿದು. ದಾಖಲೆಗಳಿದ್ದುದು ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ ೯.೬ನೆಯ ಆವೃತ್ತಿಯಲ್ಲಿ, ನಕಲು ತೆಗೆಯಲು ಹೊರಡುತ್ತಿದ್ದುದು ಅದರದೇ ೯.೨ನೆಯ ಆವೃತ್ತಿ. ತನಗಿಂತ ಹೊಸದನ್ನು ನಕಲು ಮಾಡಲು ಅದು ಒಪ್ಪದೆ ಪ್ರತಿಸಲವೂ ಕೈಚೆಲ್ಲುತ್ತಿತ್ತು. ಕೈಚೆಲ್ಲಿದ ಸುದ್ದಿ ಹೊತ್ತ ಮಿಂಚಂಚೆಗಳೂ ನಡುದಾರಿಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ತಾಸು ಮೊದಲು ತೆಗೆದಿದ್ದ ಪ್ರತಿಯೊಂದು ದೈವವಶಾತ್ ಉಳಿದಿತ್ತು. ಆ ಆರು ತಾಸಿನ ದಾಖಲೆಗಳು ಮಾತ್ರ ಹೋದವು. ಸಂಸ್ಥೆಯವರು ಇದನ್ನೆಲ್ಲ ಮುಚ್ಚಿಡದೆ ತಾವೇ ಪ್ರಕಟಿಸಿದರು.

ಇದರಲ್ಲೊಂದು ನಿಯಮ ಕಾಣುತ್ತದೆ. ಹೊಸದು ಹಳೆಯದನ್ನು ಸಾಮಾನ್ಯವಾಗಿ ಓದಬಲ್ಲದು, ಹಳೆಯದು ಹೊಸದನ್ನು ಓದಲಾರದು. ಹಳಗನ್ನಡ ಕಲಿತವನಿಗೆ ಱ, ೞ ಅಕ್ಷರಗಳೂ ಗೊತ್ತು, ಇಂದಿನ ಕನ್ನಡವೂ ಗೊತ್ತು. ಆದರೆ ಪಂಪನ ಕಾಲದವನೊಬ್ಬ ಎದ್ದು ಬಂದರೆ ನಮ್ಮ ವರ್ತಮಾನಪತ್ರಿಕೆಯನ್ನು ಓದಿಯಾನೆ? ಹೊಸದು ಹಳೆಯದನ್ನು ಓದುವುದಕ್ಕೂ ಮಿತಿಯುಂಟು. ಯೂನಿಕೋಡಿಗೆ ಮೊದಲು ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದರೆ, ಆ ಅಕ್ಷರಗಳು ಅಲ್ಲಿಲ್ಲದಿದ್ದ ಪಕ್ಷದಲ್ಲಿ, ಕನ್ನಡದ ಬದಲು ರೋಮನ್ ಲಿಪಿಯ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.

ಹಾಗಾದರೆ ಹಳೆಯ ಸರ್ವರನ್ನು ತಕ್ಷಣವೇ ಗುಜರಿಗೆ ಹಾಕಬೇಕೆ? ಬೇಡ. ಹೊಸ ಆವೃತ್ತಿಯಲ್ಲಿ ದೋಷ ಕಂಡರೆ ಹಿಂದಿರುಗಲು ಅದು ಕೆಲವು ದಿನ ಬೇಕು. ಆದರೆ ಹೊಸದರಲ್ಲಿ ಬರೆದ ಉತಾರಗಳು ಹಳೆಯದರಲ್ಲಿ ಇರುವುದಿಲ್ಲವಾದ್ದರಿಂದ, ದಿನ ಕಳೆದಷ್ಟೂ ಹಿಂದಿರುಗುವ ದಾರಿ ದೂರವಾಗುತ್ತದೆ. ಹಳೆಯ ಆವೃತ್ತಿಗೆ ರಕ್ಷಣೆಯ ತಿದ್ದುಪಡಿಗಳನ್ನು ಕೊಡುವುದನ್ನು ತಯಾರಕರು ಒಂದು ದಿನ ನಿಲ್ಲಿಸುತ್ತಾರೆ. ಆಮೇಲೂ ಅದನ್ನು ಜಾಲಕ್ಕೆ ಜೋಡಿಸಿಟ್ಟರೆ, ತಲೆಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ. ಹಳೆಯ ಕಡತ ಓದಲೆಂದೇ ಉಳಿಸಿಕೊಳ್ಳುವುದಾದರೆ ಜಾಲದಿಂದ ಬಿಡಿಸಿಡಬೇಕು. ಅದನ್ನು ಮೀಸಲೆಂದು ಕರೆಯಬಾರದು.

ಬಲ್ಲವರು, ತಂತ್ರಾಂಶ ಅವಕಾಶ ಕೊಟ್ಟಲ್ಲಿ, ಹೊಸ ಆವೃತ್ತಿಯನ್ನು ಮೊದಲು ಮೀಸಲಿಗೇ ಹಾಕಿ ಪರೀಕ್ಷಿಸಿ, ಆಮೇಲೆ ಮುಖ್ಯ ಯಂತ್ರವನ್ನು ಮುಟ್ಟುತ್ತಾರೆ. ತೆಗೆದಿಟ್ಟ ನಕಲಿನಿಂದ ದಾಖಲೆಗಳನ್ನು ಆಗಾಗ ಮರಳಿ ತೆರೆದು ನೋಡುತ್ತಾರೆ. ವರ್ಷದಲ್ಲಿ ಒಂದೆರಡು ಸಲ, ಏನೂ ಕೆಡದಿದ್ದರೂ, ಮುಖ್ಯ ಯಂತ್ರವನ್ನು ಬೇಕೆಂದೇ ನಿಲ್ಲಿಸಿ ಮೀಸಲಿನಿಂದ ಕೆಲಸ ನಡೆಸುವುದೂ ಉಂಟು. ಅಂದು ಕಿಟಕಿಯ ಮುಂದೆ ಸಾಲುಗಟ್ಟಿ ನಿಂತವರಿಗೆ, ತಮಗೆ ಕಾಗದ ಕೊಟ್ಟದ್ದು ಯಾವ ಯಂತ್ರವೆಂಬ ಸುಳಿವೂ ಹತ್ತಕೂಡದು.